ಅನ್ನ ಬಸಿಯುವುದೆಲ್ಲಿ?

ಶೈಲಾಳ ಕಾಲು ಸುಟ್ಟದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಆಡಿದ ಒಂದು ಮಾತು, ಅಷ್ಟೇ. ಅದನ್ನು ಯಾಕೆ ಆಡಿದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಒಂದೊಂದು ಸಲ ಒಂದೊಂದು ಉತ್ತರ ಸಿಗುತ್ತದೆ — ಯಾವುದೂ ಪೂರ್ತಿಯಲ್ಲ.

ಶೈಲಾ ಮಂಗಳೂರಿನವಳು, ನಾನು ಮೈಸೂರಿನವಳು. ತಿರುವನಂತಪುರದಲ್ಲಿ, ಚಾಲೈ ಪೇಟೆಯ ಹತ್ತಿರ, ಇಬ್ಬರಿಗೂ ಒಂದೇ ಬ್ಯಾಂಕಿನಲ್ಲಿ ಕೆಲಸ. ಕನ್ನಡ ಮಾತಾಡಲು ಅಲ್ಲಿ ನಮಗೆ ನಾವಿಬ್ಬರೇ. ನಾಲ್ಕು ವರ್ಷ ಅವಳ ಡಬ್ಬಿಯ ಕುಚ್ಚಲಕ್ಕಿ ಅನ್ನವನ್ನು ನಾನು ತಿಂದೆ, ನನ್ನ ಡಬ್ಬಿಯ ಚಿತ್ರಾನ್ನವನ್ನು ಅವಳು ತಿಂದಳು. ಆಮೇಲೆ ಅವಳಿಗೆ ಕೊಚ್ಚಿಗೆ ವರ್ಗವಾಯಿತು. ಗಂಡ ಮತ್ತು ಪುಟ್ಟ ಮಗಳು ನಿಧಿಯ ಜೊತೆ ಆಲುವದಲ್ಲಿ ಒಂದು ಹಳೆಯ ಮನೆ ಕೊಂಡಳು. ಅದರ ಅಡುಗೆಮನೆಯನ್ನು ಒಡೆದು ಹೊಸದಾಗಿ ಮಾಡಿಸಬೇಕಿತ್ತು.

ನನಗೋ ಅಡುಗೆಮನೆಯ ನಕ್ಷೆ ಬರೆಯುವ ಹುಚ್ಚು. ಬಾಡಿಗೆ ಮನೆಯ ಇಕ್ಕಟ್ಟಿನಲ್ಲಿ ನಿಂತು ದೊಡ್ಡ ದೊಡ್ಡ ಅಡುಗೆಮನೆಗಳನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ. ಕಟ್ಟೆ ಎಷ್ಟು ಎತ್ತರವಿರಬೇಕು, ಮಿಕ್ಸಿಯ ಪ್ಲಗ್ ಎಲ್ಲಿರಬೇಕು, ಒಗ್ಗರಣೆ ಡಬ್ಬಿಗೆ ಕೈ ಎಟುಕಬೇಕೆಂದರೆ ಎಲ್ಲಿಡಬೇಕು — ಯಾರ ಮನೆಗೆ ಹೋದರೂ ಇದನ್ನೇ ನೋಡುತ್ತಿದ್ದೆ.

“ನೀನೇ ಬರೆದು ಕೊಡು ಮಾರಾಯ್ತಿ. ನಂಗೆ ಇದೆಲ್ಲ ತಲೆಗೆ ಹೋಗುದಿಲ್ಲ,” ಎಂದಳು ಶೈಲಾ.

ಬರೆದೆ. ಹಿತ್ತಿಲ ಕಡೆಯ ಕಿಟಕಿಯ ಕೆಳಗೆ ಸಿಂಕು. ಪಾತ್ರೆ ತೊಳೆಯುವಾಗ ಹಲಸಿನ ಮರ ಕಾಣಬೇಕು. ಎದುರಿನ ಗೋಡೆಗೆ ಒಲೆ. ಎರಡರ ನಡುವೆ ಹಿತ್ತಿಲ ಬಾಗಿಲಿನಿಂದ ಹಾಲ್‌ಗೆ ಹೋಗುವ ದಾರಿ. ಕಾಗದದ ಮೇಲೆ ಎಷ್ಟು ಚಂದವಿತ್ತು! ಶೈಲಾ ಅದನ್ನು ನೆಂಟರಿಗೆಲ್ಲ ವಾಟ್ಸಾಪ್ ಮಾಡಿದಳು. ಅವರೆಲ್ಲ ಹೊಗಳಿದರು. ನಾನು ಹಿಗ್ಗಿದೆ.

ಕೆಲಸ ಶುರುವಾಗುವ ಹಿಂದಿನ ದಿನ ಅವಳ ಮೇಸ್ತ್ರಿ ಶಶಿ ಚೇಟ್ಟನ್, ಅಂದರೆ ಶಶಿಯಣ್ಣ, ನನಗೆ ಫೋನ್ ಮಾಡಿದರು.

“ಮೇಡಂ, ಚೋರು ವಾರ್ಕುನ್ನದ್ ಎವಿಡೆಯಾ?”

ಅನ್ನ ಬಸಿಯುವುದು ಎಲ್ಲಿ ಎಂದು ಕೇಳುತ್ತಿದ್ದರು.

ನನಗೆ ಆ ಕ್ಷಣವೇ ಹೊಳೆಯಿತು. ನನ್ನ ಮನೆಯಲ್ಲಿ ಅನ್ನ ಆಗುವುದು ಕುಕ್ಕರಿನಲ್ಲಿ, ಬಸಿಯುವ ಮಾತೇ ಇಲ್ಲ. ಶೈಲಾಳ ಮನೆಯಲ್ಲಿ ದಿನಾ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಕುದಿಯುತ್ತದೆ. ಅದರ ಗಂಜಿಯನ್ನು ಸಿಂಕಿನಲ್ಲಿ ಬಸಿಯಬೇಕೆಂದರೆ, ನನ್ನ ನಕ್ಷೆಯಂತೆ ಅವಳು ಸುಡುವ ಪಾತ್ರೆ ಹಿಡಿದು, ಎಲ್ಲರೂ ಓಡಾಡುವ ದಾರಿಯನ್ನು ದಾಟಬೇಕಿತ್ತು. ನಾಲ್ಕು ವರ್ಷ ಆ ಅನ್ನ ತಿಂದ ನಾನು ಅದನ್ನು ಹೇಗೆ ಮಾಡುತ್ತೀಯ ಎಂದು ಒಮ್ಮೆಯೂ ಕೇಳಿರಲಿಲ್ಲ. ಸಿಂಕನ್ನು ಒಲೆಯ ಪಕ್ಕಕ್ಕೆ ತಂದಿದ್ದರೆ ಸಾಕಿತ್ತು. ಆದರೆ ಆ ಕಿಟಕಿ, ಆ ಹೊಗಳಿಕೆ, ನಾನೇ ತಪ್ಪು ಮಾಡಿದೆ ಎಂದು ಹೇಳಬೇಕಾದ ನಾಚಿಕೆ —

“ಅದನ್ನೆಲ್ಲ ಶೈಲಾ ಹತ್ತಿರ ಮಾತಾಡಿದ್ದೀನಿ ಚೇಟ್ಟಾ. ನಕ್ಷೆಯಲ್ಲಿರೋ ಹಾಗೇ ಮಾಡಿ,” ಎಂದೆ, ನನ್ನ ಹರಕುಮುರುಕು ಮಲಯಾಳದಲ್ಲಿ.

ಮಾತಾಡಿರಲಿಲ್ಲ.

ಹೊಸ ಅಡುಗೆಮನೆಯಲ್ಲಿ ಒಲೆ ಹಚ್ಚಿದ ಎರಡನೇ ತಿಂಗಳು, ಒಂದು ಭಾನುವಾರ ಬೆಳಿಗ್ಗೆ, ಶೈಲಾ ಅನ್ನ ಬಸಿಯಲು ಪಾತ್ರೆ ಎತ್ತಿಕೊಂಡು ಸಿಂಕಿನ ಕಡೆ ಹೊರಟಿದ್ದಳು. ಆರು ವರ್ಷದ ನಿಧಿ ಹಿತ್ತಿಲಿನಿಂದ ಓಡಿ ಬಂದಳು. ಮಗುವಿನ ಮೈಮೇಲೆ ಬೀಳಬಾರದೆಂದು ಶೈಲಾ ಪಾತ್ರೆಯನ್ನು ತನ್ನ ಕಡೆಗೇ ವಾಲಿಸಿಕೊಂಡಳು. ಎಡಗಾಲು ಮೊಣಕಾಲಿನಿಂದ ಪಾದದವರೆಗೆ ಬೆಂದಿತು.

ನಾನು ತಿರುವನಂತಪುರದಿಂದ ರೈಲು ಹತ್ತಿ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕದಲ್ಲಿ ನಿಧಿ ಕೂತಿದ್ದಳು. “ನಂದೇ ತಪ್ಪು ಮಾರಾಯ್ತಿ, ನಾನು ನೋಡ್ಲಿಲ್ಲ,” ಎಂದಳು ಶೈಲಾ. ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದು ಇಷ್ಟು: “ಬಿಸಿ ಪಾತ್ರೆ ಹಿಡ್ಕೊಂಡಾಗ ಸ್ವಲ್ಪ ಹುಷಾರಾಗಿರ್ಬೇಕಲ್ವೇನೇ?”

ಸುಳ್ಳಿಗಿಂತ ಈ ಮಾತೇ ಹೆಚ್ಚು ಕೆಟ್ಟದ್ದೇನೋ. ಗೊತ್ತಿಲ್ಲ.

ನಕ್ಷೆ ಬರೆಯುವುದನ್ನು ಬಿಟ್ಟೆ, ನೋಡುವುದು ಬಿಡಲಾಗಲಿಲ್ಲ. ಯಾರ ಅಡುಗೆಮನೆಗೆ ಹೋದರೂ ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತೇನೆ. ನೀವು ಬಿಸಿ ಬಾಣಲೆಯನ್ನು ಎಲ್ಲಿ ಇಳಿಸುತ್ತೀರಿ, ಆಗ ಮಕ್ಕಳು ಎಲ್ಲಿರುತ್ತಾರೆ ಎಂದು ಕೇಳುತ್ತೇನೆ. ಜನ ಖುಷಿಯಿಂದ ತೋರಿಸುತ್ತಾರೆ. ಕೇಳುವುದು ಇಷ್ಟು ಸುಲಭವಿತ್ತು.

ಹೋದ ತಿಂಗಳು ಆಲುವಕ್ಕೆ ಹೋಗಿದ್ದೆ. ನಿಧಿಗೆ ಈಗ ಹನ್ನೆರಡು. ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಲಯಾಳದಲ್ಲಿ. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು ಅಮ್ಮನ ಹತ್ತಿರ ನೀರು ಕೇಳಿದಳು. ನೀನೇ ಒಳಗೆ ಹೋಗಿ ತಗೊಳ್ಳಬಾರದೇ ಎಂದೆ.

“ಞಾನ್ ಓಡಿಯದುಕೊಂಡಲ್ಲೇ ಅಮ್ಮಯ್ಕ್ ಪೊಳ್ಳಿಯದ್?” ಎಂದಳು. ನಾನು ಓಡಿದ್ದಕ್ಕೇ ಅಲ್ವಾ ಅಮ್ಮನಿಗೆ ಸುಟ್ಟದ್ದು?

ಆರು ವರ್ಷದಿಂದ ಆ ಮಗು ಒಳಗೆ ಕಾಲಿಟ್ಟಿರಲಿಲ್ಲ.

ಅಂದು ಮಧ್ಯಾಹ್ನ ಶೈಲಾಗೆ ಎಲ್ಲವನ್ನೂ ಹೇಳಿದೆ.

“ಶಶಿ ಚೇಟ್ಟನ್ ಕೇಳಿದ್ರಾ?”

“ಕೇಳಿದ್ರು.”

“ನಿಂಗೆ ಆಗ್ಲೇ ಗೊತ್ತಾಯ್ತಾ?”

“ಆಯ್ತು.”

“ಅವತ್ತು ಓಡಿದ್ದಕ್ಕೆ ಈ ಹುಡುಗಿಗೆ ನಾನು ಎಷ್ಟು ಸಲ ಬೈದಿದ್ದೇನೆ ಗೊತ್ತುಂಟಾ ನಿಂಗೆ?” ಎಂದು ಎದ್ದಳು. “ಹೋಗು, ಅವಳಿಗೆ ನೀನೇ ಹೇಳು.”

ಹೇಳಿದೆ. ನಿಧಿ ಅಳಲಿಲ್ಲ. ಅವತ್ತು ತಾನು ನಡೆದುಕೊಂಡು ಬಂದಿದ್ದರೂ ಗಂಜಿ ಚೆಲ್ಲುತ್ತಿತ್ತಾ ಎಂದು ಕೇಳಿದಳು. “ಗೊತ್ತಿಲ್ಲ ಪುಟ್ಟಿ. ಆದ್ರೆ ನೀನು ಬರೋ ದಾರೀಲಿ ಅಮ್ಮ ಆ ಪಾತ್ರೆ ಹಿಡ್ಕೊಂಡು ನಡೆಯೋ ಹಾಗೆ ಮಾಡಿದ್ದು ನಾನು,” ಎಂದೆ.

ಶೈಲಾ ಆಮೇಲೆ ಫೋನ್ ಮಾಡಿಲ್ಲ. ನಿಧಿ ಮಾತ್ರ ತನ್ನ ಅಪ್ಪನ ಫೋನಿನಿಂದ ಆಗಾಗ ಒಂದೊಂದು ಪ್ರಶ್ನೆ ಕಳಿಸುತ್ತಾಳೆ. ಮೇಸ್ತ್ರಿ ಇನ್ನೊಮ್ಮೆ ಕೇಳಿದ್ದರೆ ಏನು ಹೇಳುತ್ತಿದ್ದಿರಿ? ಆಸ್ಪತ್ರೆಯಲ್ಲಿ ನನ್ನನ್ನು ನೋಡಿದಾಗ ನಿಮಗೆ ಏನನ್ನಿಸಿತು? ಯೋಚಿಸಿ, ನಿಜವನ್ನೇ ಬರೆಯುತ್ತೇನೆ.

ನಿನ್ನೆಯ ಪ್ರಶ್ನೆ — ನೀವು ಬಂದಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲದೆ ಇದ್ದಿದ್ದರೆ ನೀವು ನಿಜ ಹೇಳುತ್ತಿದ್ದಿರಾ, ಆಂಟೀ?

ಇಲ್ಲ ಎಂದು ಬರೆದೆ.