ಫೋಟೋದಲ್ಲಿ ಕಾಣೆಯಾದ ಹೊಲ

ಹರಿಹರದ ಹೊಳೆದಂಡೆಯ ಕೆಂಚಕ್ಕ ಸುಲಭಕ್ಕೆ ಯಾರನ್ನೂ ನಂಬಿದವಳಲ್ಲ. ಸಂತೆಯಲ್ಲಿ ತಕ್ಕಡಿಯ ದಾರ ಎಳೆದು ನೋಡುವಳು, ಸೇರಿನ ತಳಕ್ಕೆ ಕೈಹಾಕಿ ನೋಡುವಳು. ಗಂಡ ತೀರಿಕೊಂಡ ಮೇಲೂ ಅವನ ಪಾಲಿನ ಹೊಲ ಅವಳ ಕೈಯಲ್ಲಿ ಉಳಿದಿದ್ದರೆ ಅದು ಈ ಅನುಮಾನದ ಪುಣ್ಯ ಅನ್ನಿ. ಮಗ್ಗುಲಿನ ಹೊಲ ಭಾವ ಉಚ್ಚೆಂಗಪ್ಪನದು. ಪ್ರತಿ ಸಲ ನೇಗಿಲು ಹೂಡಿದಾಗಲೂ ಅವನ ಎತ್ತುಗಳು ನಡುವಿನ ಬದುವನ್ನು ಚೂರುಚೂರೇ ಕೆರೆದುಕೊಂಡು ಇತ್ತ ಸರಿಯುತ್ತಿದ್ದವು. ಕೆಂಚಕ್ಕ ಗುದ್ದಲಿ ಹಿಡಿದು ಬದುವನ್ನು ಮತ್ತೆ ಅತ್ತ ಏರಿಸುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೆಂಟರ ಸುಗ್ಗಿಯ ಹೊತ್ತಿಗೆ ದಾವಣಗೆರೆಯ ಬುಡನ್ ಸಾಬರು ಮೂರು ಕಾಲಿನ ಸ್ಟ್ಯಾಂಡು ಹೊತ್ತು ಹರಿಹರದ ಸೇತುವೆಗೆ ಬಂದರು. ಮಂಡಿಪೇಟೆಯ ಸಣ್ಣ ಸ್ಟುಡಿಯೊದಲ್ಲಿ ಮದುವೆ ಜೋಡಿ, ತೊಟ್ಟಿಲ ಕೂಸು ಬಿಟ್ಟರೆ ಬೇರೇನೂ ತೆಗೆದವರಲ್ಲ. ಈಗ ಗಿರಣಿ ಸಾಹುಕಾರರೊಬ್ಬರಿಗೆ ಹೊಳೆದಂಡೆಯೆಲ್ಲ ಒಂದೇ ಉದ್ದನೆಯ ಪಟದಲ್ಲಿ ಬೇಕಿತ್ತು. ಅಷ್ಟಗಲ ಕ್ಯಾಮೆರಾಕ್ಕೆ ಹಿಡಿಸುವುದಿಲ್ಲ. ತಿರುಗಿಸಿ ತಿರುಗಿಸಿ ತೆಗೆದು ಆಮೇಲೆ ಪಕ್ಕಪಕ್ಕಕ್ಕೆ ಅಂಟಿಸಿದರಾಯಿತು ಅಂತ ಸಾಬರು ಎಣಿಸಿದ್ದರು.

ಕೆಂಚಕ್ಕ ಹೊಲದಿಂದ ಕಂಡದ್ದೇ ಬೇರೆ. ಪರಸ್ಥಳದವನೊಬ್ಬ ಹೊಲಹೊಲಕ್ಕೂ ಗುರಿ ಹಿಡಿಯುತ್ತಿದ್ದಾನೆ. ಒಬ್ಬರಿಗೂ ಒಂದು ಲೋಟ ನೀರು ಕೊಡದ ಭಾವ ಅವನ ಪಕ್ಕ ನಿಂತು ಕೊಡೆ ಹಿಡಿದಿದ್ದಾನೆ. ಅವತ್ತಿನಿಂದ ಅವಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಆಮೇಲೊಂದು ದಿನ ಶೇಂಗಾ ಮಾರಲು ದಾವಣಗೆರೆಗೆ ಹೋದವಳು ಸ್ಟುಡಿಯೊದ ಗಾಜಿನೊಳಗೆ ಆ ಪಟ ಕಂಡು ನಿಂತಳು. ಹೊಳೆಗಿಳಿಯುವ ಸೋಪಾನ ಇತ್ತು, ಗಿರಣಿ ಚಿಮಣಿ ಇತ್ತು, ಭಾವನ ಹೊಲ ಇತ್ತು. ಅದರ ಬದು ದಾಟಿದರೆ ನೇರ ಆಚೆ ಮಗ್ಗುಲಿನ ಮಾಲತೇಶಪ್ಪನ ಹೊಲ. ನಡುವೆ ಇರಬೇಕಾದ ತನ್ನ ಹೊಲ ಇಲ್ಲ.

ಒಳಗೆ ಹೋದರೆ ಬುಡನ್ ಸಾಬರು ನಗುನಗುತ್ತ, ಪಟ ಚೆಂದ ಐತಲ್ಲ, ನಿಮ್ಮೂರಿನ ಉಚ್ಚೆಂಗಪ್ಪನೋರೂ ಒಂದು ಕಾಪಿ ಒಯ್ದರು ಅಂದರು. ಕೆಂಚಕ್ಕನಿಗೆ ಎಲ್ಲ ಹೊಳೆದುಹೋಯಿತು. ನಾಳೆ ಭಾವ ಅದನ್ನೇ ಹಿರಿಯರ ಮುಂದೆ ಹರಡಿ, ಕ್ಯಾಮೆರಾ ಸುಳ್ಳು ಹೇಳುತ್ತದೆಯೇ ಅಂತ ಕೇಳುತ್ತಾನೆ.

"ನನ್ನ ಹೊಲ ನುಂಗಾಕ ನಮ್ಮ ಭಾವ ಏನು ಕೊಟ್ಟ, ಸಾಬ್ರೆ?"

ಸಾಬರು ತಬ್ಬಿಬ್ಬಾದರು. ಅಂಟಿಸದ ಬಿಡಿ ಫೋಟೋಗಳನ್ನು ತಂದು ಮೇಜಿನ ಮೇಲೆ ಜೋಡಿಸಿದರು. ಒಂದು ಫೋಟೋ ಅವಳ ಹೊಲದ ಈಚೆ ಬದುವಿಗೆ ಮುಗಿದಿತ್ತು, ಮುಂದಿನದು ಆಚೆ ಬದುವಿನಿಂದ ಶುರುವಾಗಿತ್ತು. ಕ್ಯಾಮೆರಾ ಒಮ್ಮೆಗೇ ಜಾಸ್ತಿ ತಿರುಗಿ ನಡುವಿನದು ಯಾವುದರಲ್ಲೂ ಬಿದ್ದಿರಲಿಲ್ಲ.

"ಎರಡೂ ಬದು ಒಂದೇ ಅಂದ್ಕೊಂಡು ಕೂಡಿಸಿ ಅಂಟಿಸಿಬಿಟ್ಟೆ ಅಕ್ಕಾ. ಈ ಕೆಲಸ ನನಗೂ ಹೊಸದು."

"ಹೊಸದಾದ್ರೆ ನನ್ನ ಹೊಲಾನೇ ಯಾಕ ಸಿಕ್ತು? ಭಾವಂದು ಒಂದು ಗೇಣಾದ್ರೂ ಹೋಗಿಲ್ಲಲ್ಲ."

ಸಾಬರು ಬಿಡಿ ಫೋಟೋಗಳನ್ನು ಒಟ್ಟುಮಾಡಿದರು. ಮತ್ತೆ ಬಂದು ತೆಗೆಯುತ್ತೇನೆ, ಈ ಸಲ ಒಂದು ಫೋಟೋದ ಅಂಚು ಮುಂದಿನದರಲ್ಲೂ ಬರುವ ಹಾಗೆ ಸ್ವಲ್ಪವೇ ತಿರುಗಿಸುತ್ತೇನೆ, ಆಗ ಏನೂ ತಪ್ಪಿಹೋಗುವುದಿಲ್ಲ ಎಂದರು. ಕೆಂಚಕ್ಕ ತಲೆಯಾಡಿಸಿದಳು, ನಂಬಲಿಲ್ಲ.

ಸಾಬರು ಬಂದ ದಿನ ಅವಳು ಬೆಳಿಗ್ಗೆಯೇ ಭಾವನ ಕಡೆಯ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಸೇತುವೆಯ ಮೇಲೆ ಸಾಬರು ಒಂದು ತೆಗೆದು, ಕ್ಯಾಮೆರಾ ತಿರುಗಿಸಿ, ನಿಂತಲ್ಲೇ ನಿಲ್ಲಿ ಅಂತ ಕೈಮಾಡಿದರು. ದೂರದಿಂದ ಅದು ಅವಳಿಗೆ, ಬದಿಗೆ ಸರಿ ಅಂದ ಹಾಗೆ ಕಂಡಿತು. ಓಹೋ, ಈಗ ಹೊಲದ ಆಚೆ ತುದಿಯನ್ನು ಬಿಡುವ ಹುನ್ನಾರ, ಅಲ್ಲೂ ತಾನೇ ಕಾಯಬೇಕು ಅಂದುಕೊಂಡು, ಸೀರೆ ಎತ್ತಿಕಟ್ಟಿ ಓಡಿದಳು. ಸಾಬರು ಎರಡನೆಯದನ್ನು ಒತ್ತುವ ಹೊತ್ತಿಗೆ ಮಾಲತೇಶಪ್ಪನ ಕಡೆಯ ಬದುವಿನ ಮೇಲೆ ಅದೇ ಠೀವಿಯಲ್ಲಿ ನಿಂತಿದ್ದಳು.

ಪಟ ತಯಾರಾದಾಗ ಅವಳು ಸ್ಟುಡಿಯೊಗೆ ಹೋಗಿ ನೋಡಿದರೆ ಹೊಲವೇನೋ ಪೂರ್ತಿ ಬಂದಿತ್ತು. ಕೆಂಚಕ್ಕ ಮಾತ್ರ ಎರಡು ಸಲ ಬಂದಿದ್ದಳು. ಸಾಬರು ಕುಂಚ ಕೈಗೆತ್ತಿಕೊಂಡು ನಾಚಿಕೆಪಟ್ಟರು.

"ಒಬ್ಬರನ್ನ ಅಳಿಸಿಬಿಡ್ತೀನಿ ಅಕ್ಕಾ, ನೋಡಿದೋರು ನಗ್ತಾರೆ."

ಕೆಂಚಕ್ಕ ಬಗ್ಗಿ ಎರಡೂ ಬದುಗಳ ಮೇಲೆ ಬೆರಳಿಟ್ಟು ನೋಡಿದಳು.

"ಮುಟ್ಟಬ್ಯಾಡ್ರಿ. ಆ ಬದುವಿಗೊಬ್ಬಳು, ಈ ಬದುವಿಗೊಬ್ಬಳು ಇರ್ಲಿ. ಭಾವನ ಹಳೇ ಕಾಪಿ ಇಸಕೊಂಡು ಇದನ್ನೇ ಕೊಡ್ರಿ."

ಸಾಬರು ಹೂಂ ಅಂದರು. ಆದರೂ ಹೊರಡುವ ಮುಂಚೆ ಅವಳು ಅಂಟಿಸಿದ ಗೆರೆಯ ಮೇಲೆ ಉಗುರಾಡಿಸಿ, ಅಡಿಯಲ್ಲಿ ಇನ್ನೇನಾದರೂ ಮುಚ್ಚಿಟ್ಟಿದ್ದಾರೋ ಅಂತ ಮೆಲ್ಲಗೆ ಎತ್ತಿ ನೋಡಿದಳು.