ಮುಳುಗಿದ ಗದ್ದೆಗೆ ಬಡಿಸಿದ ಹುಲಿಯಮ್ಮ

ಹುಲಿಯಮ್ಮನ ಬಾಯಿ ಹೊಸನಗರ ತಾಲ್ಲೂಕಿನಲ್ಲಿ ಅವಳಿಗಿಂತ ಮೊದಲೇ ಲಾರಿ ಇಳಿದಿತ್ತು. ಶರಾವತಿಗೆ ಅಣೆಕಟ್ಟು ಕಟ್ಟಿ, ನೀರು ಏರಿ, ಕುಂಬ್ರಿಗದ್ದೆ ಎಂಬ ಊರು ಮುಳುಗಿದ್ದು ಅರವತ್ತನಾಲ್ಕರಲ್ಲಿ. ಊರಿನ ಹನ್ನೆರಡು ಮನೆಯವರನ್ನು ಪಾತ್ರೆ, ಕೋಳಿ, ಒನಕೆಗಳ ಸಮೇತ ತಂದು ಒಂದು ಬೋಳುಗುಡ್ಡದ ಮೇಲೆ ಸುರಿದರು. ಪಟ್ಟಿ ಹಿಡಿದು ನಿಂತಿದ್ದ ಗುಮಾಸ್ತ ಹೆಸರು ಕೇಳಿದ. "ಊರನ್ನೇ ಅಳಿಸಿ ಹಾಕಿದ್ ಮೇಲೆ ಹೆಸರ್ ಬರ್ಕಂಡ್ ಎಂತ ಮಾಡ್ತೀಯಾ? ಮೊದ್ಲು ಕುಡಿಯಕ್ಕೆ ನೀರೆಲ್ಲಿದೆ ತೋರ್ಸು. ಅಲ್ಲಿ ಮುಳುಗೋಷ್ಟು ಕೊಟ್ರಿ, ಇಲ್ಲಿ ಒಂದ್ ತಂಬಿಗೆಗೂ ಗತಿಯಿಲ್ಲ" ಎಂದು ಅವಳು ಲಾರಿಯ ಮೇಲಿನಿಂದಲೇ ಬಾರಿಸಿದಳು. ಗುಮಾಸ್ತ ಮತ್ತೆ ಅವಳ ತಂಟೆಗೆ ಹೋಗಲಿಲ್ಲ. ಪಕ್ಕದವರನ್ನು ಕೇಳಿ ಬರೆದುಕೊಂಡ.

ಆಗ ಅವಳಿಗೆ ನಲವತ್ತೈದು ದಾಟಿತ್ತು. ಕುಳ್ಳಿ, ಗಟ್ಟಿಗಿತ್ತಿ. ಬಾಯಲ್ಲಿ ಎಲೆಯಡಿಕೆ ಇಲ್ಲದಿದ್ದರೆ ಬೈಗುಳ ಇರುತ್ತಿತ್ತು, ಕೆಲವೊಮ್ಮೆ ಎರಡೂ. ಗಂಡ ಗಿರಿಯಪ್ಪ ಮುಳುಗಡೆಯ ಹಿಂದಿನ ವರ್ಷ ತೀರಿಕೊಂಡಿದ್ದ. ಗದ್ದೆಯಂಚಿನ ಮತ್ತಿಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದ್ದರು. ಆ ಮಣ್ಣು ಈಗ ಎಷ್ಟು ಆಳದ ನೀರಿನಲ್ಲಿದೆ ಎಂದು ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಅವಳ ಹತ್ತಿರ ಆ ಮಾತೆತ್ತಲಿಲ್ಲ. ಮಕ್ಕಳಿರಲಿಲ್ಲ. ಚಾಪೆ ಹೆಣೆಯುತ್ತಿದ್ದಳು, ಹಬ್ಬದ ಬುಟ್ಟಿಗಳಿಗೆ ಚಿತ್ತಾರ ಬರೆಯುತ್ತಿದ್ದಳು, ಉಳಿದ ಹೊತ್ತೆಲ್ಲ ಕಂಡವರ ಮನೆಯ ಉಸಾಬರಿ.

ಈ ಉಸಾಬರಿಗೆ ಅವಳದೇ ಒಂದು ದಾರಿ ಇತ್ತು. ಬೆಳಿಗ್ಗೆ ಎದ್ದವಳೇ ತೆಂಗಿನ ಗರಟೆ ಹಿಡಿದು ಕೆಂಡ ಕೇಳಲು ಹೊರಡುತ್ತಿದ್ದಳು. ಒಲೆ ಹತ್ತಿಸಲು ನೆರೆಮನೆಯ ಕೆಂಡ ತರುವುದು ಆ ಕಡೆ ಹೊಸದೇನಲ್ಲ. ಆದರೆ ಹುಲಿಯಮ್ಮ ಒಂದು ಮನೆಗೆ ಹೋಗಿ ಸುಮ್ಮನಾಗುವವಳಲ್ಲ, ಕಾಲನಿಯ ಹನ್ನೊಂದು ಮನೆಯನ್ನೂ ಸುತ್ತುತ್ತಿದ್ದಳು. ಅಷ್ಟು ಕೆಂಡದಲ್ಲಿ ಒಂದು ಮದುವೆಯ ಅಡಿಗೆ ಮಾಡಬಹುದಿತ್ತು. ಯಾರಾದರೂ ಬೆಂಕಿಪೊಟ್ಟಣ ತಂದುಕೊಟ್ಟರೆ ಅದನ್ನು ಬೀಡಿ ಸೇದುವವರಿಗೆ ದಾಟಿಸಿಬಿಡುತ್ತಿದ್ದಳು. ಯಾವ ಮನೆಯಲ್ಲಿ ಒಲೆ ಹತ್ತಿಲ್ಲವೋ ಅಲ್ಲಿ ಯಾರೋ ಏಳಲಾರದೆ ಬಿದ್ದಿದ್ದಾರೆ ಎಂದು ಅವಳ ಲೆಕ್ಕ. ಜ್ವರದಿಂದಲ್ಲ, ಎದ್ದು ಏನು ಮಾಡಬೇಕೆಂದು ತೋಚದೆ. ಆ ವರ್ಷಗಳಲ್ಲಿ ಆ ರೋಗ ಕಾಲನಿಯಲ್ಲಿ ನೆಗಡಿಯಷ್ಟೇ ಸಲೀಸಾಗಿ ಹರಡಿತ್ತು. ಹುಲಿಯಮ್ಮ ಬಾಗಿಲಲ್ಲಿ ನಿಂತು, "ಎಂತ ಇದು, ಬೆಳಿಗ್ಗೆ ಬೆಳಿಗ್ಗೆ ಸತ್ತೋರ್ ಮನೆ ಹಂಗ್ ಮಾಡ್ಕಂಡೀರಿ? ಏಳಿ ಮೇಲೆ!" ಎಂದು ಶುರು ಮಾಡಿದರೆ ಒಲೆ ಹತ್ತಿ ಗಂಜಿ ಕುದಿಯುವವರೆಗೆ ಬಾಯಿ ನಿಲ್ಲುತ್ತಿರಲಿಲ್ಲ. ಅವಳಿಗೆ ಹೆದರಿ ಎದ್ದವರೆಷ್ಟೋ, ಅವಳ ಮೇಲಿನ ಸಿಟ್ಟಿಗೆ ಎದ್ದವರೆಷ್ಟೋ. ಎದ್ದರಲ್ಲ, ಅವಳಿಗೆ ಅಷ್ಟು ಸಾಕಿತ್ತು.

ಈ ಔಷಧಿ ನಾಟದೆ ಹೋದದ್ದು ಜಟ್ಟಿಂಗಪ್ಪನಿಗೆ. ಪಕ್ಕದ ಮನೆಯವನು, ಹಳೆಯ ಊರಿನಲ್ಲಿ ಪಕ್ಕದ ಗದ್ದೆಯವನೂ ಹೌದು. ಗಿರಿಯಪ್ಪನನ್ನು ಅಣ್ಣ ಎನ್ನುತ್ತಿದ್ದವನಾದ್ದರಿಂದ ಹುಲಿಯಮ್ಮ ಅವನಿಗೆ ಅತ್ತಿಗೆ. ಊರು ಬಿಡಿ ಎಂದು ನೋಟೀಸು ಬಂದ ವರ್ಷವೂ, ನೀರು ಇಷ್ಟು ಬೇಗ ಎಲ್ಲಿ ಬರುತ್ತದೆ ಎಂದುಕೊಂಡು ಅವನು ನೆಟ್ಟಿ ಮಾಡಿದ್ದ. ಭತ್ತವೂ ಹಠಕ್ಕೆ ಬಿದ್ದಂತೆ ಬೆಳೆಯಿತು. ಅವರ ಜನರಲ್ಲಿ ಭೂಮಿ ಹುಣ್ಣಿಮೆ ಎಂದರೆ ಗದ್ದೆಯ ಸೀಮಂತ. ಭತ್ತದ ಒಡಲಲ್ಲಿ ತೆನೆ ಕಟ್ಟಿ ಹೊಡೆ ತುಂಬಿತೆಂದರೆ ಭೂಮಿ ಬಸುರಿ. ಬಸುರಿಯ ಬಯಕೆಗೆಂದು ಹೆಂಗಸರು ಕಡುಬು, ಬೆರಕೆ ಸೊಪ್ಪಿನ ಪಲ್ಯ, ಅಮಟೆಕಾಯಿ ಗೊಜ್ಜು ಮಾಡಿ ಚಿತ್ತಾರದ ಬುಟ್ಟಿಯಲ್ಲಿ ತುಂಬಿ ಕೊಡುತ್ತಾರೆ. ಗಂಡಸರು ಬೆಳಕು ಹರಿಯುವ ಹೊತ್ತಿಗೆ ಅದನ್ನು ಗದ್ದೆಗೆ ಒಯ್ದು, ಒಂದೊಂದೇ ಅಡಿಗೆಯ ಹೆಸರು ಹೇಳಿ ಭೂಮಿಯನ್ನು ಊಟಕ್ಕೆ ಕೂಗಿ ಕರೆದು ಬಡಿಸುತ್ತಾರೆ. ಆ ವರ್ಷ ಹುಣ್ಣಿಮೆಗೆ ಹದಿನೈದು ದಿನ ಇರುವಾಗ ನೀರು ಗದ್ದೆಗೆ ನುಗ್ಗಿತು. ಹೊಡೆ ತುಂಬಿದ ಭತ್ತ ಕಣ್ಣೆದುರೇ ಮುಳುಗಿತು. ಹಸಿದ ಬಸುರಿಯನ್ನು ನೀರಿಗೆ ಬಿಟ್ಟು ಲಾರಿ ಹತ್ತಿದೆ ಎಂದು ಜಟ್ಟಿಂಗಪ್ಪನ ತಲೆಯಲ್ಲಿ ಕೂತುಬಿಟ್ಟಿತು.

ಅವನು ದಿನವಿಡೀ ಒಂದು ಕಲ್ಲಿನ ಮೇಲೆ, ಮುಳುಗಿದ ಊರಿದ್ದ ಪಡುವಣಕ್ಕೆ ಮುಖ ಮಾಡಿ ಕೂರುತ್ತಿದ್ದ. ಅಣ್ಣ ಕನ್ನಪ್ಪ ಘಟ್ಟದ ಕೆಳಗಿನಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದ. ಅವನು ಎರಡು ಹುಂಜ ತೆಗೆದುಕೊಂಡು, ಮುಳುಗಿದ ಊರಿನ ಪೀಡೆ ಬೆನ್ನು ಹತ್ತಿ ಬಂದಿದೆ ಎಂದ. ಹುಲಿಯಮ್ಮ ಸೊಂಟಕ್ಕೆ ಕೈಯಿಟ್ಟು, "ನನ್ ಚಿಕ್ಕಪ್ಪನ ಮಗಂಗೆ ಇನ್ನೂ ಜಾಗದ ಚೀಟಿ ಸಿಕ್ಕಿಲ್ಲ. ನಿನ್ ಪೀಡೆಗೆ ಯಾವ ಆಫೀಸಲ್ಲಿ ಕೊಟ್ರು?" ಎಂದು ಕೇಳಿದಳು. ಪೇಟೆಯ ಡಾಕ್ಟರು ಒಳ್ಳೆಯ ಮನುಷ್ಯ. ಎದೆ ನೋಡಿ, ಕಣ್ಣು ನೋಡಿ, ದೇಹಕ್ಕೇನೂ ಆಗಿಲ್ಲ, ಪೆಟ್ಟು ಬಿದ್ದಿರುವುದು ಮನಸ್ಸಿಗೆ, ಅದರ ಆಸ್ಪತ್ರೆ ಬೆಂಗಳೂರಿನಲ್ಲಿದೆ ಎಂದು ಚೀಟಿ ಬರೆದುಕೊಟ್ಟರು.

ಬೆಂಗಳೂರು ಯಾಕೆ, ನಾನಿಲ್ಲವೇ ಎಂದು ಹುಲಿಯಮ್ಮ ಮುಂದೆ ಬಿದ್ದಳು. ಬಿದ್ದು ಎಡವಿದಳು. ಅರವತ್ತೈದರ ಹುಣ್ಣಿಮೆಗೆ ತಾನೇ ನಿಂತು ಅಡಿಗೆ ಮಾಡಿಸಿ, ಸರ್ಕಾರ ಕೊಟ್ಟ ಹೊಸ ಜಮೀನಿಗೇ ಸೀಮಂತ ಮಾಡೋಣ ಎಂದಳು. ಜಟ್ಟಿಂಗಪ್ಪ ವರ್ಷದ ಮೇಲೆ ಮೊದಲ ಸಲ ಸ್ನಾನ ಮಾಡಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ. ಜಮೀನು ತಲುಪಿ ನೋಡಿದರೆ ಜಲ್ಲಿಕಲ್ಲಿನ ನಡುವೆ ಒಂದು ಹಿಡಿ ಭತ್ತ ಹಳದಿಗಟ್ಟಿ ನಿಂತಿತ್ತು, ಹೊಡೆಯ ಸುಳಿವೇ ಇಲ್ಲ. ಅವನು ಬುಟ್ಟಿ ಕೆಳಗಿಟ್ಟ. "ಬಸುರಿ ಅಲ್ದಿರೋಳ್ಗೆ ಸೀಮಂತ ಮಾಡಕ್ ಬಂದೀರಲ್ಲ, ನಾಚ್ಕೆ ಆಗಲ್ವಾ? ಬಸುರಿ ಅಲ್ಲಿ ನೀರಡಿಗೆ ಹಸ್ಕಂಡ್ ಬಿದ್ದಾಳೆ" ಎಂದ. ಅಂದಿನಿಂದ ಅವನ ಊಟ ಇನ್ನೂ ಅರ್ಧವಾಯಿತು. ಹುಲಿಯಮ್ಮನ ಬಾಯಿ ಒಂದು ವಾರ ಕಟ್ಟಿಹೋಯಿತು. ಕಾಲನಿಯವರಿಗೆ ಅದು ಹಬ್ಬದಂತಿರಬೇಕಿತ್ತು, ಆದರೆ ಯಾರಿಗೂ ಸುಖವಾಗಲಿಲ್ಲ. ತನ್ನ ಕೈಯಾರೆ ಅವನನ್ನು ಇನ್ನಷ್ಟು ಕೆಳಗೆ ತಳ್ಳಿದೆ ಎಂಬ ಸಂಕಟ ಅವಳನ್ನು ಒಳಗೊಳಗೇ ತಿಂದಿತು.

ಮರುವರ್ಷ ಅವನು ಎರಡು ಸಲ ಮನೆ ಬಿಟ್ಟು ಹೋದ. ಮೊದಲ ಸಲ ಸಾಗರದ ರಸ್ತೆಯಲ್ಲಿ ಸಿಕ್ಕಿದ, ಎರಡನೆಯ ಸಲ ಹಿನ್ನೀರಿನಲ್ಲಿ, ಸೊಂಟದವರೆಗೆ ಇಳಿದು ನಿಂತಿದ್ದಾಗ. ಕನ್ನಪ್ಪ ಕೆಟ್ಟವನಲ್ಲ, ತಮ್ಮನ ಹಿಂದೆ ಓಡಿ ಓಡಿ ಸುಸ್ತಾದವನು. ಪೇಟೆಯಿಂದ ಒಂದು ಸರಪಳಿ ತಂದ. ಹುಣ್ಣಿಮೆ ಕಳೆದು ಬರುವ ಸೋಮವಾರ, ಕಟ್ಟಿಕೊಂಡೇ ಬೆಂಗಳೂರಿಗೆ ಹೋಗುವುದೆಂದು ತೀರ್ಮಾನವಾಯಿತು. ಜಟ್ಟಿಂಗಪ್ಪನ ಹೆಂಡತಿ ಮಾಸ್ತಮ್ಮ ಅಳುತ್ತ ಹುಲಿಯಮ್ಮನ ಮನೆಗೆ ಬಂದಳು.

"ಅಕ್ಕಾ, ಎಮ್ಮೆ ಕಟ್ದಂಗ್ ಕಟ್ಕಂಡ್ ಹೋಗ್ತಾರಂತೆ."

"ಅಳ್ಬ್ಯಾಡ, ಮೂಗ್ ಒರ್ಸ್ಕ. ಕಡುಬಿಗೆ ಅಕ್ಕಿ ನೆನೆಹಾಕು" ಎಂದಳು ಹುಲಿಯಮ್ಮ. ಆಮೇಲೆ ಕನ್ನಪ್ಪನ ಮುಂದೆ ಹೋಗಿ ನಿಂತು, "ಬಸುರಿ ಎಲ್ಲಿದಾಳೋ ಅಲ್ಲಿಗೇ ಊಟ ತಗಂಡ್ ಹೋಗಣ. ಆಮೇಲೂ ಇವ ಉಣ್ಲಿಲ್ಲ ಅಂದ್ರೆ ಸರಪಳಿ ನಾನೇ ಕಟ್ತೀನಿ" ಎಂದಳು.

"ನೀರ್ ಕಂಡ್ರೆ ಹಾರ್ತಾನೆ ಅತ್ಗೆ. ಹೆಣ ತರಕ್ಕೆ ಹೋಗ್ಬೇಕಾ?"

ಆ ಹೆದರಿಕೆ ಅವಳಿಗೂ ಇತ್ತು.

ಅವಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಳು. ಕನ್ನಪ್ಪ ಸರಪಳಿಯನ್ನು ಚೀಲಕ್ಕೆ ಹಾಕಿಕೊಂಡ ಮೇಲೇ ಒಪ್ಪಿದ. ಹುಣ್ಣಿಮೆಯ ದಿನ ಜಟ್ಟಿಂಗಪ್ಪನೂ ಸೇರಿ ನಾಲ್ವರೂ ಮೊದಲ ಬಸ್ಸು ಹತ್ತಿದರು. ಬುಟ್ಟಿಯನ್ನು ಮೇಲೆ ಹಾಕಬೇಕೆಂದು ಕಂಡಕ್ಟರು ತಕರಾರು ತೆಗೆದ. "ಬಸುರಿ ಊಟ ಕಣಾ. ನಿನ್ ಹೆಂಡ್ತಿ ಊಟನ ಟಾಪಿನ ಮೇಲೆ ಹಾಕ್ತೀಯಾ?" ಎಂದು ಹುಲಿಯಮ್ಮ ಕೇಳಿದ ಮೇಲೆ ಬುಟ್ಟಿಗೆ ಡ್ರೈವರನ ಪಕ್ಕದಲ್ಲೇ ಜಾಗವಾಯಿತು. ಸಾಗರದಲ್ಲಿ ಬಸ್ಸು ಬದಲಿಸಿ ಹಿನ್ನೀರಿನ ದಡ ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಬೆಳಗಾಗುವ ಮೊದಲೇ ಮುಗಿಯಬೇಕಾದ ಶಾಸ್ತ್ರ ಇದು ಎಂದು ಕನ್ನಪ್ಪ ಗೊಣಗಿದ. "ಎರಡ್ ವರ್ಷ ಕಾದೋಳು ಅರ್ಧ ದಿನಕ್ಕೆ ಕೋಪ ಮಾಡ್ಕಳಲ್ಲ" ಎಂದಳು ಹುಲಿಯಮ್ಮ.

ದೋಣಿಯ ಪುಟ್ಟಪ್ಪನಿಗೆ ಆಚೆ ದಡಕ್ಕೆ ಹೋಗುವ ಗಿರಾಕಿ ಒಬ್ಬರೇ ಇದ್ದರು, ತೋಟದ ಮನೆಯ ಸುಬ್ಬರಾಯ ಹೆಗಡೆಯವರು. ದೋಣಿ ಹತ್ತುವಾಗ ಕನ್ನಪ್ಪ ಚೀಲದಿಂದ ಸರಪಳಿ ತೆಗೆದ. ಹುಲಿಯಮ್ಮ ಅವನ ಕೈ ಸರಿಸಿ, ತನ್ನ ಸೆರಗಿನ ತುದಿಯನ್ನು ಜಟ್ಟಿಂಗಪ್ಪನ ಪಂಚೆಗೆ ಬಿಗಿಯಾಗಿ ಗಂಟು ಹಾಕಿದಳು. "ಹಾರೋದಾದ್ರೆ ನನ್ನನ್ನೂ ಎಳ್ಕಂಡ್ ಹಾರು. ದೋಣಿ ಹಗುರ ಆಗ್ತದೆ, ಪುಟ್ಟಪ್ಪಂಗೆ ಪುಣ್ಯ ಬರ್ತದೆ."

ಅರ್ಧ ದಾರಿಯಲ್ಲಿ ಒಣಗಿದ ಮರಗಳ ತುದಿಗಳು ನೀರಿನಿಂದ ಮೇಲೆ ನಿಂತಿದ್ದವು. ಜಟ್ಟಿಂಗಪ್ಪ ಎದ್ದು ನಿಂತ. "ಇಲ್ಲೇ" ಎಂದ. ದೋಣಿ ಓಲಾಡಿತು. ಮಾಸ್ತಮ್ಮ ಕಣ್ಣು ಮುಚ್ಚಿದಳು. ಅವನು ಬುಟ್ಟಿ ಮುಟ್ಟಲಿಲ್ಲ, ನೀರನ್ನೇ ನೋಡುತ್ತ ಅಂಚಿಗೆ ಬಾಗಿದ. ಸೆರಗು ಬಿಗಿಯಿತು. ಏನು ಮಾಡುವುದೆಂದು ತಿಳಿಯದೆ ಹುಲಿಯಮ್ಮ ಬುಟ್ಟಿಗೆ ಕೈ ಹಾಕಿ, ಗಂಡಸರು ಗದ್ದೆಯಲ್ಲಿ ಭೂಮಿಯನ್ನು ಕರೆಯುವ ಕೂಗನ್ನು ತಾನೇ ಕೂಗಿದಳು.

"ಹೆಂಗಸ್ರು ಕೂಗ್ಬಾರ್ದು ಅತ್ಗೆ!" ಎಂದ ಕನ್ನಪ್ಪ.

"ಗಂಡಸ್ರು ಸರಪಳಿ ಹಿಡ್ಕಂಡ್ ಕೂತ್ರೆ ಮತ್ಯಾರ್ ಕೂಗ್ಬೇಕು?" ಎಂದು ಮತ್ತೆ ಕೂಗಿದಳು. ಹುಟ್ಟಿದಾಗಿನಿಂದ ಮನೆಯೊಳಗಿನಿಂದ ಕೇಳಿದ್ದ ಕೂಗು, ಬಾಯಲ್ಲಿ ಬರುವಾಗ ಹಿಂದುಮುಂದಾಯಿತು. ಪಲ್ಯದ ಹೆಸರಿನ ಜಾಗದಲ್ಲಿ ಗೊಜ್ಜು ಬಂತು, ಗೊಜ್ಜಿನ ಜಾಗದಲ್ಲಿ ಏನೂ ಬರಲಿಲ್ಲ.

ಜಟ್ಟಿಂಗಪ್ಪ ತಿರುಗಿ ನೋಡಿದ. "ಹಂಗಲ್ಲ ಅತ್ಗೆ" ಎಂದ. "ಎಲ್ಲಾ ಕೆಡಿಸ್ತೀಯ. ಈಚೆ ಕೊಡು."

ಅವನು ಕೂಗಿದ. ಎರಡು ವರ್ಷ ಕೂಗೇ ಹಾಕದ ಗಂಟಲು ಮೊದಲು ಒಡೆಯಿತು, ಆಮೇಲೆ ತೆರೆಯಿತು. ಕಡುಬು, ಪಲ್ಯ, ಗೊಜ್ಜು ಒಂದೊಂದಾಗಿ ನೀರಿಗೆ ಬಿದ್ದವು. "ಎಲ್ಲಾ ಮೀನಿನ ಪಾಲು" ಎಂದ ಪುಟ್ಟಪ್ಪ. "ಮೀನು ಯಾರ್ ಗದ್ದೇಲಿ ಮೇಯ್ತವೆ? ನಮ್ದೇ ತಾನೆ?" ಎಂದು ಹುಲಿಯಮ್ಮ ಅವನ ಬಾಯಿ ಮುಚ್ಚಿಸಿದಳು. ಅಷ್ಟು ಹೊತ್ತು ಕೊಡೆ ಹಿಡಿದು ಕೂತಿದ್ದ ಹೆಗಡೆಯವರು ಕೆಮ್ಮಿ, ತಮ್ಮ ಹವ್ಯಕ ಮಾತಿನಲ್ಲಿ, "ಎಂಗಳ ತೋಟನೂ ಇಲ್ಲೇ ಕೆಳಗೆ ಇದ್ದು. ಅದಕ್ಕೂ ಒಂದು ಚೂರು ಹಾಕು ಮಾರಾಯ" ಎಂದರು. ಜಟ್ಟಿಂಗಪ್ಪ ಹಾಕಿದ. ಕನ್ನಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಅವನ ಗದ್ದೆಯೂ ಅಲ್ಲೇ ಇತ್ತಲ್ಲ.

ಕೊನೆಯ ಎರಡು ಕಡುಬು ಉಳಿದಿದ್ದವು. ಜಟ್ಟಿಂಗಪ್ಪ ಒಂದನ್ನು ಒಣಗಿದ ಮತ್ತಿಮರದ ತುದಿಯ ಪಕ್ಕ ನೀರಿಗೆ ನಿಧಾನವಾಗಿ ಬಿಟ್ಟು, "ಇದು ಗಿರಿಯಣ್ಣಂಗೆ" ಎಂದ. ಇನ್ನೊಂದನ್ನು ಮುರಿದು ತಾನೇ ತಿಂದ. ಹುಲಿಯಮ್ಮ ದಡ ಮುಟ್ಟುವವರೆಗೂ ಪುಟ್ಟಪ್ಪನ ಹುಟ್ಟು ಹಾಕುವ ಕ್ರಮ ಸರಿಯಿಲ್ಲ ಎಂದು ಅವನನ್ನು ಬೈದಳು.

ಜಟ್ಟಿಂಗಪ್ಪ ಆ ದಿನದಿಂದ ಪೂರ್ತಿ ಸರಿಹೋದ ಎಂದರೆ ಸುಳ್ಳಾಗುತ್ತದೆ. ದೀಪಾವಳಿ ಕಳೆದ ಮೇಲೆ ಬೆಂಗಳೂರಿಗೂ ಹೋಗಿ ಮಾತ್ರೆ ತಂದ. ಆದರೆ ಕಿಟಕಿ ಪಕ್ಕ ಕೂತು, ಟಿಕೆಟ್ ತಾನೇ ಹಿಡಿದು ಹೋದ. ಸರಪಳಿ ಕೊನೆಗೆ ಎಮ್ಮೆಗೇ ಆಯಿತು.

ಹುಣ್ಣಿಮೆಯ ಮರುದಿನ ಮಾತ್ರ ಕಾಲನಿಯಲ್ಲಿ ವಿಚಿತ್ರ ನಡೆಯಿತು. ಹೊತ್ತೇರಿದರೂ ಯಾರ ಬಾಗಿಲಿಗೂ ಕೆಂಡ ಕೇಳುವವರು ಬರಲಿಲ್ಲ. ಹುಲಿಯಮ್ಮ ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಬಿದ್ದಿದ್ದಳು. ಏಳಬೇಕೆಂದು ಗೊತ್ತಿತ್ತು, ಎದ್ದು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಬಾಗಿಲು ಸರಿಯಿತು. ಜಟ್ಟಿಂಗಪ್ಪ ಗರಟೆಯಲ್ಲಿ ಕೆಂಡ ಹಿಡಿದು ನಿಂತಿದ್ದ.

"ಎಂತ ಇದು ಅತ್ಗೆ, ಬೆಳಿಗ್ಗೆ ಬೆಳಿಗ್ಗೆ ಸತ್ತೋರ್ ಮನೆ ಹಂಗ್ ಮಾಡ್ಕಂಡೀಯ? ಏಳು ಮೇಲೆ!"

"ಸತ್ತೋರ್ ಮನೇನೇ ಕಣಾ ಇದು" ಎಂದಳು ಹುಲಿಯಮ್ಮ. ಗಂಡ ಸತ್ತು ಮೂರು ವರ್ಷಕ್ಕೆ, ಮೊದಲ ಸಲ, ದೊಡ್ಡ ದನಿ ತೆಗೆದು ಅತ್ತಳು. ಜಟ್ಟಿಂಗಪ್ಪ ಸುಮ್ಮನಿರು ಎನ್ನಲಿಲ್ಲ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆಂಡ ಹಾಕಿ, ಗಂಜಿ ಕುದಿಯುವವರೆಗೆ ಊದುತ್ತಲೇ ಇದ್ದ.