ಬಾಣಾವರದ ಹೆಣ್ಣು, ಗೆಂಡೆಹಳ್ಳಿಯ ಹೆಣ್ಣು

ಇಂದುವಿಗೆ ಹಿಟ್ಟಿನ ಹುಳದ ಸಹವಾಸ ಹತ್ತಿದ್ದು ೧೯೯೮ರಲ್ಲಿ. ಬಸ್ತಿಹಳ್ಳಿಯ ಜವರಪ್ಪ, ಗಿಡ್ಡಮ್ಮರ ಮಗಳು. ಆ ಮನೆಯಿಂದ ಬಿ.ಎಸ್ಸಿ. ಮುಗಿಸಿದ ಮೊದಲನೆಯವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಅಂಥವಳಿಗೆ ಅರಸೀಕೆರೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ ಕೊಟ್ಟಿದ್ದು ಹಂಗಾಮಿ ಅಟೆಂಡರ್ ಕೆಲಸ. ಶೀಶೆ ತೊಳೆ, ಹಿಟ್ಟು ಜರಡಿ ಹಿಡಿ, ಮೇಷ್ಟರುಗಳಿಗೆ ಟೀ ತಾ. ಅಷ್ಟು ಓದಿದವಳ ಕೈಗೆ ಟೀ ತಟ್ಟೆ ಕೊಡಲು ಅವರಿಗೇನೂ ನಾಚಿಕೆಯಾಗಲಿಲ್ಲ, ಬಿಡಿ.

ಅಲ್ಲಿ ಮಹಾಂತೇಶ್ ಎಂಬ ಲೆಕ್ಚರರ್ ಪಿಎಚ್.ಡಿ. ಮಾಡುತ್ತಿದ್ದ. ಕೊಬ್ಬರಿ ಮಂಡಿಯ ಜಯದೇವಪ್ಪನವರ ಮಗ. ಮಾತು ಮೆತ್ತಗೆ, ಮೈ ಇನ್ನೂ ಮೆತ್ತಗೆ. ಹಿಟ್ಟಿನ ಹುಳದಲ್ಲಿ ಹೆಣ್ಣು ಎಂಥ ಗಂಡನ್ನು ಆರಿಸಿಕೊಳ್ಳುತ್ತದೆ ಎಂಬುದು ಅವನ ವಿಷಯ. ಒಂದು ಹೆಣ್ಣಿನ ಮುಂದೆ ಒಂದು ಕೆಂಪು ಗಂಡು, ಒಂದು ಕಪ್ಪು ಗಂಡು ಬಿಟ್ಟು, ಅದು ಯಾವುದನ್ನು ಒಪ್ಪಿತು ಎಂದು ಬರೆದುಕೊಳ್ಳಬೇಕು. ಕಣ್ಣು ನೋಯುವ ಆ ಕೆಲಸ ಇಂದುವಿನ ತಲೆಗೇ ಬಂತು.

"ಅಲ್ಲ ಕಣವ್ವ, ಹುಳಕ್ಕೆ ಗಂಡು ತೋರ್ಸಕ್ಕೂ ಸಂಬ್ಳ ಕೊಡ್ತಾರಾ?" ಎಂದು ಗಿಡ್ಡಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಲ್ಲಿ ಹೆಣ್ಣೇ ಗಂಡನ್ನ ನೋಡೋದು ಕಣವ್ವ. ಬ್ಯಾಡ ಅಂದ್ರೆ ಬ್ಯಾಡ."

"ಪುಣ್ಯ ಮಾಡೈತೆ ಬಿಡು."

ಮಹಾಂತೇಶ್ ಬಾಣಾವರದ ಮಿಲ್ಲಿನ ಹುಳ, ಗೆಂಡೆಹಳ್ಳಿಯ ಮಿಲ್ಲಿನ ಹುಳ ತರಿಸಿ, ಹುಳ ಅಂದರೆ ಹುಳ ತಾನೇ ಎಂದು ಎಲ್ಲವನ್ನೂ ಒಂದೇ ಜಾಡಿಗೆ ಸುರಿದಿದ್ದ. ಒಂದು ವರ್ಷ ಬರೆದರೂ ಲೆಕ್ಕ ಕೆಂಪಿಗರ್ಧ, ಕಪ್ಪಿಗರ್ಧ. ಹೆಣ್ಣಿಗೆ ಆಯ್ಕೆಯೇ ಇಲ್ಲ ಎಂದು ಅವನು ಕೈಚೆಲ್ಲಿ ಕುಳಿತ. ಆದರೆ ದಿನವಿಡೀ ನೋಡುತ್ತಿದ್ದವಳಿಗೆ ಗೊತ್ತಿತ್ತು: ಕೆಲವು ಹೆಣ್ಣು ಎಷ್ಟು ಸಲ ಬಿಟ್ಟರೂ ಕಪ್ಪನ್ನೇ ಹುಡುಕಿಕೊಂಡು ಹೋಗುತ್ತಿದ್ದವು, ಇನ್ನು ಕೆಲವು ಕಪ್ಪು ಹತ್ತಿರ ಸುಳಿದರೆ ಓಡುತ್ತಿದ್ದವು.

ಇಂದು ಯಾರನ್ನೂ ಕೇಳಲಿಲ್ಲ. ತಾನೇ ಬಸ್ಸು ಹತ್ತಿ ಎರಡೂ ಮಿಲ್ಲಿಗೆ ಹೋಗಿ ಹೊಸ ಹುಳ ತಂದಳು. ಬೇರೆ ಬೇರೆ ಶೀಶೆಯಲ್ಲಿ ಇಟ್ಟಳು. ಬಾಣಾವರದ ಹೆಣ್ಣುಗಳು ಕಪ್ಪು ಗಂಡನ್ನು ಒಪ್ಪಿದವು, ಗೆಂಡೆಹಳ್ಳಿಯವು ಕೆಂಪನ್ನು. ಗಂಡುಗಳು ಅವವೇ! ತಿಂದ ಹಿಟ್ಟಿನಿಂದ ಹೀಗಾಗಿರಬಹುದೇ ಎಂಬ ಅನುಮಾನಕ್ಕೆ ಎರಡನ್ನೂ ಒಂದೇ ಮೂಟೆಯ ಹಿಟ್ಟಿನಲ್ಲಿ ಮೂರು ತಲೆಮಾರು ಸಾಕಿದಳು. ಮೊಮ್ಮಕ್ಕಳೂ ಅಜ್ಜಿಯ ದಾರಿಯನ್ನೇ ಹಿಡಿದವು. ಹೆಣ್ಣಿನ ಇಷ್ಟ ಗಂಡಿನ ಬಣ್ಣವೊಂದರಲ್ಲಿ ಇಲ್ಲ, ಆ ಹೆಣ್ಣು ಹುಟ್ಟಿ ಬಂದ ವಂಶದಲ್ಲೂ ಇದೆ ಎಂದು ಅವಳಿಗೆ ಖಾತ್ರಿಯಾಯಿತು.

ಅವಳು ಲೆಕ್ಕ ಬರೆದಿಟ್ಟ ಪುಸ್ತಕ ನೋಡಿ ಮಹಾಂತೇಶ್ ಕುಣಿದಾಡಿಬಿಟ್ಟ. "ಇಂದು, ನನ್ನ ಮಾನ ಉಳಿಸಿದೆ ಕಣಮ್ಮ! ರಿಸರ್ಚ್ ಪೇಪರ್‌ನಲ್ಲಿ ನಿನ್ನ ಹೆಸರೂ ಹಾಕ್ತೀನಿ."

ಹೆಸರೊಂದು ಬಂದರೆ ಸಾಕಿತ್ತು. ಅದನ್ನು ತೋರಿಸಿ ಎಂ.ಎಸ್ಸಿ. ಸೇರಬಹುದು, ಯಾವುದಾದರೂ ಪ್ರಯೋಗಾಲಯದಲ್ಲಿ ನಿಜವಾದ ಕೆಲಸ ಕೇಳಬಹುದು. ಅವಳು ಎರಡು ವರ್ಷ ಆ ಮಾತನ್ನೇ ನಂಬಿ ಶೀಶೆ ತೊಳೆದಳು. ಪೇಪರ್ ಬಂತು, ಹೆಸರಿಲ್ಲ. ಥೀಸಿಸ್ ಬಂತು, ಅಪ್ಪ, ಅವ್ವ, ಮಠದ ಸ್ವಾಮಿಗಳು, ಟೈಪ್ ಮಾಡಿದವನು, ಎಲ್ಲರಿಗೂ ವಂದನೆ. ಇವಳಿಗೆ ಇಲ್ಲ.

"ಅಟೆಂಡರ್ ಹೆಸರು ಹಾಕೋ ಪದ್ಧತಿ ಇಲ್ಲಮ್ಮ," ಎಂದ ಮಹಾಂತೇಶ್. "ವೈವಾ ದಿನ ಎಲ್ಲರ ಮುಂದೆ ನಾನೇ ಹೇಳ್ತೀನಿ, ಆಯ್ತಾ?"

ವೈವಾ, ಅಂದರೆ ಥೀಸಿಸ್ಸಿನ ಮೌಖಿಕ ಪರೀಕ್ಷೆ, ನಡೆದದ್ದು ೨೦೦೨ರ ಮಾರ್ಚಿನಲ್ಲಿ, ಕಾಲೇಜಿನ ಸಭಾಂಗಣದಲ್ಲೇ. ಇಂದು ಟೀ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿ ಕೇಳಿದರು: "ಎರಡು ಮಿಲ್ಲು ಅಂದ್ರೆ ಎರಡು ಥರದ ಹಿಟ್ಟು. ಇದು ವಂಶದ್ದೇ, ಆಹಾರದ್ದಲ್ಲ ಅಂತ ಹೇಗೆ ಹೇಳ್ತೀರಿ?"

ಮಹಾಂತೇಶ್ ಥೀಸಿಸ್ ನೋಡಿದ, ಫ್ಯಾನ್ ನೋಡಿದ, ನೀರು ಕುಡಿದ. ತನ್ನ ಹೆಸರಿನಲ್ಲಿ ಅಚ್ಚಾದದ್ದನ್ನೂ ಸರಿಯಾಗಿ ಓದಿರಲಿಲ್ಲ ಪುಣ್ಯಾತ್ಮ!

"ಮೂರು ತಲೆಮಾರು ಒಂದೇ ಮೂಟೆ ಹಿಟ್ಟಲ್ಲಿ ಸಾಕಿದೀವಿ ಸಾರ್," ಎಂದಳು ಇಂದು. "ಆಯ್ಕೆ ಬದಲಾಗಲಿಲ್ಲ. ತೊಂಬತ್ತೆರಡನೇ ಪುಟದಲ್ಲಿ ಐತೆ."

ಪರೀಕ್ಷಕರು ಪುಟ ತಿರುವಿ ನೋಡಿ ಮೇಜು ಕುಟ್ಟಿದರು. "ಭೇಷ್! ಅಟೆಂಡರನ್ನೂ ಎಷ್ಟು ಚೆನ್ನಾಗಿ ತಯಾರು ಮಾಡಿದೀರಿ ಮಹಾಂತೇಶ್!"

ಈಗಲಾದರೂ ಹೇಳುತ್ತಾನೆ ಎಂದು ಇಂದು ಅವನ ಮುಖವನ್ನೇ ನೋಡಿದಳು. ಅವನು ಕೈಮುಗಿದ. "ಏನೋ ಸಾರ್, ನಮ್ಮ ಕೈಲಾದಷ್ಟು."

ಅವಳ ಮೈ ಉರಿದುಹೋಯಿತು. "ನನ್ನನ್ನ ಯಾರೂ ತಯಾರು ಮಾಡ್ಲಿಲ್ಲ ಸಾರ್. ಹುಳ ಬೇರೆ ಮಾಡಿ ನೋಡಿದ್ದು ನಾನು. ಇವರಿಗೆ ಹೇಳ್ಕೊಟ್ಟಿದ್ದೂ ನಾನೇ."

ಸಭಾಂಗಣಕ್ಕೆ ಸಭಾಂಗಣವೇ ಗೊಳ್ಳೆಂದು ನಕ್ಕಿತು. ಹುಡುಗಿ ಒಳ್ಳೆ ತಮಾಷೆ ಮಾಡ್ತಾಳೆ ಎಂದು ಪರೀಕ್ಷಕರು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಹಾಂತೇಶ್.

ಜೂನ್‌ನಲ್ಲಿ ಅವಳ ಹಂಗಾಮಿ ಕೆಲಸ ಮುಂದುವರಿಯಲಿಲ್ಲ. ‘ಹಿರಿಯರೊಡನೆ ನಡವಳಿಕೆ ತೃಪ್ತಿಕರವಾಗಿಲ್ಲ’ ಎಂದು ಕಾಗದದಲ್ಲಿ ಕಾರಣ ಬರೆದಿತ್ತು. ಕೆಳಗೆ ವಿಭಾಗದ ಹೊಸ ಮುಖ್ಯಸ್ಥನ ಸಹಿ ಇತ್ತು: ಡಾ. ಮಹಾಂತೇಶ್.